ನಾಲ್ಕನೇ ಮಾತಿಗೆ ಮಾತ್ರ ಚರ್ಚಿಗೆ ಹೋಗುತ್ತಿದ್ದ ನಮ್ಮಪ್ಪ

ಇವತ್ತು ಫೆಬ್ರವರಿ 28. ಕೆಜಿಎಫ್‌ನ ಚಿನ್ನದ ಗಣಿಗೆ ಬೀಗ ಬಿದ್ದ ದಿನ, 2001ರಲ್ಲಿ. ಪ್ರತಿ ವರ್ಷ ಈ ದಿನ ಯಾರಾದರೂ ಹಳೇ ಶಾಫ್ಟ್‌ನ ಫೋಟೋ ಹಾಕಿ ‘ಮಿನಿ ಇಂಗ್ಲೆಂಡ್’ ಅಂತ ಬರೀತಾರೆ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ನಾನು ಬೇರೆ ಒಂದು ಇತಿಹಾಸ ಬರೆಯೋಣ ಅಂತ ಕೂತಿದ್ದೀನಿ. ಕೆಲಸ ಹೋದ ಮನೆಗಳಲ್ಲಿ ದೇವರ ಗತಿ ಏನಾಯ್ತು ಅನ್ನೋದು. ಸ್ವಲ್ಪ ಉದ್ದ ಇದೆ, ಟೈಮಿದ್ದಾಗ ಓದಿ.

ಇದನ್ನ ಬರೆಯೋಕೆ ಇನ್ನೊಂದು ಕಾರಣ ಸಂಘಟನೆಯ ಗೆಳೆಯರು. ‘ಜೈ ಭೀಮ್ ಅಂತೀಯ, ಭಾನುವಾರ ಚರ್ಚಿಗೂ ಹೋಗ್ತೀಯ, ಇದೇನಯ್ಯಾ?’ ಅಂತ ಕೇಳ್ತಾನೇ ಇರ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಒಂದು ಸಾಲಿನ ಉತ್ತರ ನನ್ನ ಹತ್ರ ಇಲ್ಲ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಬ್ರಿಟಿಷ್ ಕಂಪನಿ ಇಲ್ಲಿ ಗಣಿ ಶುರು ಮಾಡಿತು. ಕೆಳಗಿಳಿಯೋಕೆ ಜನ ಬಂದದ್ದು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯಿಂದ. ಬಹುಪಾಲು ನಮ್ಮವರೇ, ಊರಾಚೆ ಕೇರಿಯವರು. ಊರಲ್ಲಿ ಗೌಡನ ಹೊಲದಲ್ಲಿ ದುಡಿದರೆ ಕಾಳು ಸಿಗ್ತಿತ್ತು, ಇಲ್ಲಿ ಕೈಗೆ ರೊಕ್ಕ ಸಿಕ್ತಿತ್ತು. ಇದು ಸಣ್ಣ ವಿಷಯ ಅಲ್ಲ. ವಾಸಕ್ಕೆ ಬಿದಿರ ತಟ್ಟಿಯ ಗೋಡೆಯ ಲೈನ್ ಮನೆ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು ಅಂತ ಪಠ್ಯಪುಸ್ತಕದಲ್ಲಿ ಹೆಮ್ಮೆಯಿಂದ ಓದಿದೀವಲ್ಲ, ಅದು ಮೊದಲು ಬಂದದ್ದು ಯಂತ್ರಕ್ಕೆ, ಬಂಗಲೆಗೆ. ಲೈನ್ ಮನೆಗಳ ಸರದಿ ಬರೋಕೆ ಬಹಳ ಕಾಲ ಹಿಡೀತು. ಚಾಂಪಿಯನ್ ರೀಫ್ 3 ಕಿಲೋಮೀಟರಿಗಿಂತ ಆಳ ಹೋಯ್ತು. ಆ ಆಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಬಂಡೆ ಸಿಡಿದು ಸತ್ತವರು ಒಂದು ಲೆಕ್ಕ, ಕಲ್ಲಿನ ಧೂಳು ಕುಡಿದು ಮನೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತವರು ಇನ್ನೊಂದು ಲೆಕ್ಕ.

ಈ ಜನ ಬಾಯಿ ಮುಚ್ಚಿಕೊಂಡು ಇದ್ದವರಲ್ಲ. 1930ರಲ್ಲಿ ಎಲ್ಲರ ಬೆರಳಚ್ಚು ತಗೋತೀವಿ ಅಂತ ಕಂಪನಿ ಹೊರಟಾಗ, ನಾವೇನು ಕಳ್ಳರಾ ಅಂತ ಕೆಲಸ ನಿಲ್ಲಿಸಿದರು. ದೇವರ ವಿಷಯದಲ್ಲೂ ಹಾಗೇ. 20ನೇ ಶತಮಾನದ ಆರಂಭದಲ್ಲೇ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡದ್ದು 1956ರಲ್ಲಿ, ಅದಕ್ಕೆ ಅರ್ಧ ಶತಮಾನ ಮೊದಲು ಇಲ್ಲಿ ಗಣಿ ಕೂಲಿಗಳು ಬುದ್ಧನ ಮಾತಾಡ್ತಿದ್ರು. 1954ರಲ್ಲಿ ಬಾಬಾಸಾಹೇಬರೂ ಕೆಜಿಎಫ್‌ಗೆ ಬಂದು ಹೋದರು. ಪಕ್ಕದ ಬೀದಿಯಲ್ಲಿ ಚರ್ಚು, ಆಚೆ ಮಾರಿಯಮ್ಮ, ಮಧ್ಯದಲ್ಲಿ ಕೆಂಪು ಬಾವುಟ. ಒಂದೇ ಮನೆಯ ಅಣ್ಣತಮ್ಮಂದಿರು ನಾಲ್ಕು ದಾರಿ ಹಿಡಿದದ್ದೂ ಉಂಟು.

ನಮ್ಮ ತಾತ ಚರ್ಚಿನ ದಾರಿ ಹಿಡಿದರು. ‘ಅಕ್ಕಿಗೆ ಆಸೆ ಬಿದ್ದು ಮತಾಂತರ’ ಅಂತ ಹೇಳೋರು ಸ್ವಲ್ಪ ಕೇಳಿಸ್ಕೊಳ್ಳಿ. ಅವರಿಗೆ ಗಣಿಯ ಕೂಲಿ ಇತ್ತು, ಅಕ್ಕಿ ಅದರಲ್ಲೇ ಬರ್ತಿತ್ತು. ಊರಿನ ಗುಡಿಯ ಬೀದಿಗೆ ಕಾಲಿಡದ ಮನುಷ್ಯ ಇಲ್ಲಿ ಕರ್ತನ ಭೋಜನದ ದಿನ ಎಲ್ಲರ ಜೊತೆ ಮೊಣಕಾಲೂರಿ ಒಂದೇ ಬಟ್ಟಲಿಂದ ಕುಡಿದರು. ಅವರು ಹೇಳ್ತಿದ್ದದ್ದು ಅಷ್ಟೇ. ಚರ್ಚಿನೊಳಗೆ ಜಾತಿ ಇರಲಿಲ್ಲ ಅಂತ ನಾನು ಸುಳ್ಳು ಹೇಳಲ್ಲ. ತಮಿಳುನಾಡಿನ ಎಷ್ಟೋ ಊರಲ್ಲಿ ಕ್ರೈಸ್ತ ದಲಿತರ ಸಮಾಧಿ ಜಾಗವೇ ಬೇರೆ. ಆದರೂ ಆ ಬಟ್ಟಲು ತಾತನಿಗೆ ನಿಜವಾಗಿತ್ತು.

ಒಂದು ಕಾಲಕ್ಕೆ 30 ಸಾವಿರಕ್ಕೂ ಹೆಚ್ಚು ಜನ ದುಡಿದ ಗಣಿ. ತೆಗೆದ ಚಿನ್ನ ಒಟ್ಟು 800 ಟನ್‌ಗಿಂತ ಜಾಸ್ತಿ. ಕೊನೆಗೆ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಸಿಗೋ ಹಾಗಾಯ್ತು, ಆಳಕ್ಕೆ ಹೋದಷ್ಟೂ ಖರ್ಚು ಏರಿತು. 1992ರಲ್ಲಿ ರೋಗಗ್ರಸ್ತ ಉದ್ಯಮ ಅಂತ ಬಿಐಎಫ್‌ಆರ್ ಮುಂದೆ ಹೋಯ್ತು. ಮುಚ್ಚಿದಾಗ ಉಳಿದಿದ್ದವರು 3 ಸಾವಿರಕ್ಕೂ ಹೆಚ್ಚು. ಅದರಲ್ಲಿ ಒಬ್ಬರು ನಮ್ಮಪ್ಪ, ಆಗ 47 ವಯಸ್ಸು. ನಾನು ಬಿಎ ಓದ್ತಿದ್ದೆ.

ಮೊದಲ ಭಾನುವಾರ ಪ್ರಸಂಗದಲ್ಲಿ ಅಯ್ಯರ್ ಇದು ದೇವರ ಚಿತ್ತ ಅಂದರು. (ನಗಬೇಡಿ, ನಮ್ಮ ಕಡೆ ತಮಿಳು ಚರ್ಚಲ್ಲಿ ಪಾಸ್ಟರನ್ನ ಅಯ್ಯರ್ ಅಂತಲೇ ಕರೆಯೋದು.) ಎರಡನೇ ಭಾನುವಾರ ಇದು ಪರೀಕ್ಷೆ ಅಂದರು. ಮೂರನೇ ಭಾನುವಾರ ಹೊರಗಿಂದ ಬಂದ ಒಬ್ಬ ಬೋಧಕರು, ನಮ್ಮೊಳಗೆ ಅಡಗಿರೋ ಪಾಪ ಏನು ಅಂತ ಪ್ರತಿಯೊಬ್ಬರೂ ಹುಡುಕಿಕೊಳ್ಳಬೇಕು ಅಂದರು. ಅಪ್ಪ ಎದ್ದು ನಿಂತರು. ‘ಮೂರು ಸಾವಿರ ಜನಕ್ಕೂ ಒಂದೇ ದಿನ ಒಂದೇ ಪಾಪನಾ ಅಯ್ಯಾ?’ ಅಂದರು. ಚಪ್ಪಲಿ ಹಾಕ್ಕೊಂಡು ಹೊರಗೆ ಹೋದವರು ಭಾನುವಾರಗಳನ್ನೇ ಬಿಟ್ಟುಬಿಟ್ಟರು.

ಅಪ್ಪ ಕುಡೀತಿರಲಿಲ್ಲ, ಅದೇ ಕಷ್ಟ ಆಯ್ತು. ಕುಡಿದು ಬೈದಿದ್ದರೆ ಬೆಳಗ್ಗೆ ಮರೀಬಹುದಿತ್ತು. ಪೂರ್ತಿ ಎಚ್ಚರದಲ್ಲಿ, ರಾತ್ರಿ ಹಿತ್ತಲಲ್ಲಿ ನಿಂತು ದೇವರ ಜೊತೆ ಜಗಳ ಆಡ್ತಿದ್ರು. ‘ನೀನು ಯಾವತ್ತಾದ್ರೂ ಕೇಜಲ್ಲಿ ಕೆಳಗೆ ಇಳಿದಿದೀಯಾ?’ ಅಂತ ಒಂದು ದಿನ ಕೇಳಿದರು. ಬೀಡಿ ಸುತ್ತುತ್ತಾ ಕೂತಿದ್ದ ಅಮ್ಮ ಒಳಗಿಂದ, ‘ಇಳಿದಿದಾನೆ, ವಿಶ್ವಾಸಪ್ರಮಾಣದಲ್ಲಿ ವಾರವಾರ ಹೇಳ್ತೀವಲ್ಲ’ ಅಂದಳು. ಸತ್ತ ಮೇಲೆ ಏಸು ಪಾತಾಳಕ್ಕೆ ಇಳಿದ ಅನ್ನೋ ಮಾತು ಅದರಲ್ಲಿ ಬರುತ್ತೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನು ಮೂರನೇ ದಿನ ಮೇಲೆ ಬಂದ. ನಾನು ಇಪ್ಪತ್ತಾರು ವರ್ಷ ಇಳಿದೆ’ ಅಂದರು.

ಆಮೇಲೆ ಎಲ್ಲರ ಹಾಗೆ ಅವರೂ ಮಾರಿಕುಪ್ಪಂ ರೈಲು ಹತ್ತಿದರು. ಕತ್ತಲಲ್ಲಿ ಹೊರಟು ಬೆಂಗಳೂರಲ್ಲಿ ವಾಚ್‌ಮನ್ ಕೆಲಸ, ಕತ್ತಲಲ್ಲಿ ವಾಪಸ್. ಆ ರೈಲಲ್ಲಿ ಈಗಲೂ ಸಾವಿರಾರು ಜನ ಹಾಗೇ ಓಡಾಡ್ತಾರೆ.

ವರ್ಷಕ್ಕೆ ಒಂದೇ ದಿನ ಅಪ್ಪ ಚರ್ಚಿಗೆ ಹೋಗ್ತಿದ್ರು, ಶುಭ ಶುಕ್ರವಾರ. ಅವತ್ತು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಮೇಲೆ ಏಳು ಪ್ರಸಂಗ ಇರುತ್ತೆ. ಅಪ್ಪ ಮೂರನೆಯದು ಮುಗಿಯೋ ಹೊತ್ತಿಗೆ ಹೋಗಿ ಹಿಂದೆ ಬಾಗಿಲ ಹತ್ತಿರ ನಿಲ್ಲೋರು. ನಾಲ್ಕನೆಯದು, ನನ್ನನ್ನ ಯಾಕೆ ಕೈಬಿಟ್ಟೆ ಅಂತ ಏಸು ತನ್ನ ದೇವರನ್ನೇ ಕೇಳೋ ಮಾತು. ಅದು ಮುಗಿದ ತಕ್ಷಣ ಎದ್ದು ಬರೋರು. ‘ಅವನಿಗೂ ಉತ್ತರ ಸಿಗಲಿಲ್ಲ’ ಅಂದಿದ್ದರು ಒಮ್ಮೆ. ಅದು ಸಮಾಧಾನವೋ ದೂರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಯೋಬನ ಪುಸ್ತಕ ನಾನು ಪೂರ್ತಿ ಓದಿದ್ದು ಆಮೇಲೆ. ತಾಳ್ಮೆಗೆ ಯೋಬ ಅಂತ ಚರ್ಚಲ್ಲಿ ಹೇಳಿಕೊಡ್ತಾರೆ. ಓದಿ ನೋಡಿ, ಮೊದಲೆರಡು ಅಧ್ಯಾಯ ಬಿಟ್ಟರೆ ಆ ಮನುಷ್ಯನಿಗೆ ತಾಳ್ಮೆಯೇ ಇಲ್ಲ. ಹುಟ್ಟಿದ ದಿನಕ್ಕೇ ಶಾಪ ಹಾಕ್ತಾನೆ, ದೇವರನ್ನ ಕೋರ್ಟಿಗೆ ಎಳೀತೀನಿ ಅನ್ನೋ ಧಾಟಿಯಲ್ಲಿ ಮಾತಾಡ್ತಾನೆ. ದೇವರ ಪರವಾಗಿ ವಕೀಲಿ ಮಾಡೋರು ಅವನ ಸ್ನೇಹಿತರು, ನಿನ್ನ ಪಾಪ ಹುಡುಕ್ಕೋ ಅನ್ನೋರು. ಕೊನೆಗೆ ದೇವರು ಸಿಟ್ಟಾಗೋದು ಆ ವಕೀಲರ ಮೇಲೆ. ಯೋಬ ಆಡಿದ್ದೇ ಸರಿ ಅಂತಾನೆ. ನಡುವೆ ಯೋಬನಿಗೂ ಜೋರಾಗೇ ಗದರಿಸ್ತಾನೆ, ಅದನ್ನ ಮುಚ್ಚಿಡಲ್ಲ. ಆದರೆ ಆ ಮೂರನೇ ಭಾನುವಾರದ ಪ್ರಸಂಗ ಯಾರ ಬಾಯಿಂದ ಬಂದದ್ದು ಅಂತ ನನಗೆ ಆಗ ತಿಳೀತು.

ಈಗ ನನ್ನ ವಿಷಯ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಮದ್ರಾಸಿನ ಬೀದಿ ಬದಿಯಲ್ಲಿ ಚಪ್ಪಲಿ ಹೊಲೀತಿದ್ದ ಸೂಸೈ ಅನ್ನೋರ ಕೇಸು ಗೊತ್ತಿರಬೇಕು. ಸರ್ಕಾರ ಅಲ್ಲಿನ ಚಮ್ಮಾರರಿಗೆ ಉಚಿತ ಪೆಟ್ಟಿಗೆ ಅಂಗಡಿ ಕೊಟ್ಟಿತು, ಕ್ರೈಸ್ತ ಅಂತ ಇವರಿಗೆ ಕೊಡಲಿಲ್ಲ. ಅದೇ ಬೀದಿ, ಅದೇ ಚರ್ಮ, ಅದೇ ಸೂಜಿ. ಸುಪ್ರೀಂ ಕೋರ್ಟು 1985ರಲ್ಲಿ ಹೇಳಿದ್ದು, ಮತಾಂತರದ ಮೇಲೂ ಜಾತಿಯ ಏಟು ಅಷ್ಟೇ ಜೋರಾಗಿ ಬೀಳ್ತಿದೆ ಅಂತ ತೋರಿಸಬೇಕು, ಸೂಸೈ ತೋರಿಸಿಲ್ಲ ಅಂತ. ದಲಿತ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇದೇ ಪಟ್ಟಿಗೆ ಅಂಟಿಕೊಂಡಿದೆ. ನಮ್ಮ ರಾಜ್ಯದಲ್ಲಿ ಪ್ರವರ್ಗ 1 ಇದೆ, ಇಲ್ಲ ಅನ್ನಲ್ಲ. ಅದು 4 ಪರ್ಸೆಂಟಿನ ಬೇರೆ ಕ್ಯೂ.

2003ರಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕೋಕೆ ಸರ್ಟಿಫಿಕೇಟ್ ಬೇಕಾಗಿ ಒಂದು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ ತಮಾಷೆಗೇ ಕೇಳಿದ, ‘ಏಸು ಬೇಕೋ, ಎಸ್‌ಸಿ ಬೇಕೋ?’ ಮನೆಗೆ ಬಂದು ಹೇಳಿದೆ. ‘ಹಿಂದೂ ಅಂತ ಬರಿ’ ಅಂದರು ಅಪ್ಪ. ‘ಅವನು ನಮಗೆ ಮಾಡಿದ್ದು ಅಷ್ಟರಲ್ಲೇ ಇದೆ, ಬರಿ.’ ಅಮ್ಮ ಏನೂ ಹೇಳಲಿಲ್ಲ, ಬೀಡಿ ಎಲೆ ಕತ್ತರಿಸ್ತಾ ಇದ್ದಳು. ನಾನು ಕ್ರೈಸ್ತ ಅಂತಲೇ ಬರೆದೆ. ಭಕ್ತಿಯಿಂದಲ್ಲ, ಹಠದಿಂದ. ತಾತ ಬಟ್ಟಲಿಗೋಸ್ಕರ ಮಾಡಿದ ಆಯ್ಕೆಯನ್ನ ಆ ಗುಮಾಸ್ತನ ನಗೆಗೆ ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ. ಕೆಲಸ ಸಿಗಲಿಲ್ಲ. ಆರು ವರ್ಷ ಸಿಗಲಿಲ್ಲ. ಆ ಆರು ವರ್ಷ ಹಿತ್ತಲಲ್ಲಿ ನಿಂತು ಬೈಯೋರು ಇಬ್ಬರಾದೆವು. ಕಾಗದದಲ್ಲಿ ಬೇರೆ ಬರೆದು ಎದೆಯಲ್ಲಿ ಬೇರೆ ಇಟ್ಟುಕೊಂಡವರು ನೂರಾರು ಜನ ನನಗೆ ಗೊತ್ತು, ಅವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಹೊಟ್ಟೆಗೂ ನಂಬಿಕೆಗೂ ಜಗಳ ಹಚ್ಚಿದ ಆ ಮೂರನೇ ಪ್ಯಾರಾ ಮೇಲೆ ಇದೆ. ದೇವರಿಗೆ ಹಾಕಿದ ಬೈಗುಳದಲ್ಲಿ ಅರ್ಧ ದಿಲ್ಲಿಗೆ ಸೇರಬೇಕಾದದ್ದು ಅಂತ ತಿಳಿಯೋಕೆ ನನಗೆ ಬಹಳ ಕಾಲ ಬೇಕಾಯ್ತು. ಸಂಘಟನೆಗೆ ಬಂದದ್ದು ಆಮೇಲೆ.

ಅದನ್ನ ತೆಗೆಯಿರಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಕೈಗೆ ಇನ್ನೊಂದು ಆಯೋಗ ಕೊಟ್ಟರು, ಅದರ ಅವಧಿ ವಿಸ್ತರಣೆ ಆಗುತ್ತಲೇ ಬಂತು.

ಬೌದ್ಧರಾಗು, ಎಲ್ಲಾ ಸರಿಹೋಗುತ್ತೆ ಅಂತಾರೆ ಗೆಳೆಯರು. ಬುದ್ಧನ ಮೇಲೆ ನನಗೆ ಗೌರವ ಇದೆ, ಮನೆಯಲ್ಲಿ ಫೋಟೋನೂ ಇದೆ. ಆದರೆ ಬುದ್ಧನ ಹತ್ರ ಜಗಳ ಆಡೋಕೆ ಆಗಲ್ಲ ಕಣ್ರೋ. ನನಗೆ ಇವನ ಜೊತೆ ಇನ್ನೂ ಬಾಕಿ ಇದೆ.

ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಯ್ತು. ಹೋದ ಶುಕ್ರವಾರ ಮಗಳ ಕಾಲೇಜಿನ ಸ್ಕಾಲರ್‌ಶಿಪ್ ಅರ್ಜಿ ತುಂಬೋಕೆ ಕೂತೆವು. ಧರ್ಮದ ಕಾಲಂ ಬಂದಾಗ ಅವಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು. ‘ನಿನಗೆ ಏನು ಅನ್ಸುತ್ತೋ ಬರಿ ಮಗಳೇ’ ಅಂದೆ. ಖಾಲಿ ಬಿಟ್ಟು ಕೊಟ್ಟು ಬಂದಿದ್ದಾಳೆ. ಸೋಮವಾರ ಮತ್ತೆ ಬರೋಕೆ ಹೇಳಿದಾರಂತೆ.