ತಗ್ಗಿನ ಸೂರು, ಉದ್ದದ ಹಗ್ಗ: ಹಂಚಿನ ಮಾಡಿನ ಕೆಲಸದಲ್ಲಿ ಬೀಳುತಡೆ ವ್ಯವಸ್ಥೆಯ ಮರುಪರಿಶೀಲನೆ

ಕಟ್ಟಡದ ಮೇಲಿಂದ ಕೆಲಸಗಾರ ಬಿದ್ದಾಗ ಮೊದಲು ಏಳುವ ಪ್ರಶ್ನೆ ‘ಬೆಲ್ಟ್ ಹಾಕಿದ್ದನೇ?’ ಎಂಬುದು. ಹಾಕಿರಲಿಲ್ಲ ಎಂದರೆ ವಿಚಾರಣೆ ಅರ್ಧ ಮುಗಿದಂತೆ. ಈ ಧೋರಣೆಗೆ ಶಾಸ್ತ್ರದ ಮೊಹರು ಒತ್ತಿದವರು ಅಮೆರಿಕದ ಟ್ರಾವೆಲರ್ಸ್ ವಿಮಾ ಕಂಪನಿಯ ಹರ್ಬರ್ಟ್ ಹೈನ್ರಿಚ್. ಅವರು 1931ರ ತಮ್ಮ ಗ್ರಂಥದಲ್ಲಿ 75,000 ಅಪಘಾತಗಳ ಕಡತಗಳನ್ನು ಆಧರಿಸಿ, ಶೇ. 88ರಷ್ಟು ಅಪಘಾತಗಳಿಗೆ ವ್ಯಕ್ತಿಗಳ ಅಸುರಕ್ಷಿತ ವರ್ತನೆ ಕಾರಣ, ಶೇ. 10ಕ್ಕೆ ಅಸುರಕ್ಷಿತ ಪರಿಸ್ಥಿತಿ ಕಾರಣ, ಉಳಿದ ಶೇ. 2 ತಡೆಯಲಾಗದವು ಎಂದು ವಿಂಗಡಿಸಿದರು. ಫ್ರೆಡ್ ಮ್ಯಾನುಯೆಲ್ 2002ರಲ್ಲಿಯೂ 2011ರಲ್ಲಿಯೂ ಈ ಲೆಕ್ಕವನ್ನು ಪ್ರಶ್ನಿಸಿದರು. ಮೂಲ ಕಡತಗಳು ಯಾರಿಗೂ ಲಭ್ಯವಿಲ್ಲ, ವ್ಯಕ್ತಿಯ ತಪ್ಪಿನ ಹಿಂದೆ ಕೆಲಸದ ವಿನ್ಯಾಸದ ತಪ್ಪು ಇರುತ್ತದೆ ಎಂಬುದು ಅವರ ಆಕ್ಷೇಪ. ಅದನ್ನು ಒಪ್ಪುತ್ತೇನೆ. ಆದರೆ ಮನೆಯ ಮಾಡಿನ ಕೆಲಸದ ಮಟ್ಟಿಗೆ ಆ ಆಕ್ಷೇಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಇಲ್ಲಿ ತಪ್ಪಿರುವುದು ಕೆಲಸದ ವಿನ್ಯಾಸ ಮಾತ್ರವಲ್ಲ, ಹಗ್ಗದ ಬಳಕೆಯ ಹಿಂದಿರುವ ಎತ್ತರದ ಊಹೆಯೂ ತಪ್ಪಿದೆ.

ಸರ್ವಸಮ್ಮತವಾದುದನ್ನು ಬೇಗ ಹೇಳಿ ಮುಗಿಸಬಹುದು. ಬೀಳುವವನನ್ನು ತಡೆಯಲು ಸೊಂಟಪಟ್ಟಿ ಸಲ್ಲದು, ಇಡೀ ಮೈಯನ್ನು ಹಿಡಿಯುವ ಹಾರ್ನೆಸ್ ಬೇಕು. ಅಮೆರಿಕ 1998ರ ಜನವರಿ 1ರಿಂದ ಈ ಕೆಲಸಕ್ಕೆ ಸೊಂಟಪಟ್ಟಿಯನ್ನು ನಿಷೇಧಿಸಿತು. ಅಲ್ಲಿನ ನಿಯಮದಂತೆ ಕಟ್ಟಡ ಕೆಲಸದಲ್ಲಿ 6 ಅಡಿ ಅಥವಾ ಅದಕ್ಕೂ ಮೀರಿದ ಎತ್ತರಕ್ಕೆ ರಕ್ಷಣೆ ಕಡ್ಡಾಯ, ಹಗ್ಗ ಬಿಗಿಯುವ ಮುನ್ನ ಕೆಲಸಗಾರ 6 ಅಡಿಗಿಂತ ಹೆಚ್ಚು ಬೀಳಬಾರದು, ಹಗ್ಗ ಬಿಗಿದ ಮೇಲೆ ಮೂರೂವರೆ ಅಡಿಯೊಳಗೆ ನಿಲ್ಲಬೇಕು, ಮೈಮೇಲೆ ಬೀಳುವ ಬಲ 8 ಕಿಲೋನ್ಯೂಟನ್ ಮೀರಬಾರದು. ಮನೆ ಕಟ್ಟುವವರಿಗೆ 1995ರಲ್ಲಿ ಕೊಟ್ಟಿದ್ದ ಸಡಿಲಿಕೆಯನ್ನು 2010ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಳ್ಳಲಾಯಿತು. ನಮ್ಮಲ್ಲಿ ಹಾರ್ನೆಸ್‌ಗೆ ಐಎಸ್ 3521 ಮಾನಕವಿದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ ರಚಿಸಿದ 1998ರ ಕೇಂದ್ರ ನಿಯಮಗಳಲ್ಲಿ ಇಳಿಜಾರು ಮಾಡಿನ ಕೆಲಸಕ್ಕೇ ಪ್ರತ್ಯೇಕ ಅಧ್ಯಾಯವಿದೆ. ಇಲ್ಲಿಯವರೆಗೆ ತಕರಾರಿಲ್ಲ.

ಮೇಲಿನ ಸಾಲುಗಳಲ್ಲಿ 6 ಅಡಿ ಎರಡು ಸಲ ಬಂದಿದೆ. ರಕ್ಷಣೆ ಯಾವ ಎತ್ತರದಿಂದ ಬೇಕು ಎಂಬುದು ಒಂದು, ಹಗ್ಗ ಎಷ್ಟು ಬೀಳಗೊಡಬಹುದು ಎಂಬುದು ಇನ್ನೊಂದು. ಬಹುಮಹಡಿ ಕಟ್ಟಡದಲ್ಲಿ ಇವೆರಡೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ತಗ್ಗಿನ ಮನೆಯಲ್ಲಿ ಬರುತ್ತವೆ. ಕರಾವಳಿ, ಮಲೆನಾಡುಗಳ ಮಂಗಳೂರು ಹಂಚಿನ ಮನೆಯೊಂದನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಸೂರಿನ ಎತ್ತರ ನೆಲದಿಂದ 2.4 ಮೀಟರ್; ನೆತ್ತಿಯ ತೊಲೆ ಸೂರಿಗಿಂತ 2.5 ಮೀಟರ್ ಮೇಲೆ. ನೆತ್ತಿಯಿಂದ ಸೂರಿಗೆ ಅಡ್ಡಳತೆ 4 ಮೀಟರ್. ಮಾಡಿನ ಇಳಿಜಾರು ಸುಮಾರು 32 ಡಿಗ್ರಿ ಆಗುತ್ತದೆ. ಇಂಥ ಮನೆಗಳು ಅಪರೂಪವಲ್ಲ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವನು ಸೂರಿನ ಅಂಚಿನಲ್ಲಿ ನಿಂತಿದ್ದಾನೆ, ಕಾಲ ಕೆಳಗೆ ಹಂಚು, ಹಂಚಿನ ಕೆಳಗೆ ಸುಮಾರು ಅಡಿಗೊಂದರಂತೆ ರೀಪು, ಬೆನ್ನಿನ ಮೇಲೆ ಹಾರ್ನೆಸ್‌ನ ಕೊಂಡಿ. ಕೊಂಡಿ ಪಾದದಿಂದ 1.5 ಮೀಟರ್ ಎತ್ತರದಲ್ಲಿದೆ ಎನ್ನೋಣ.

ನಿಯಮ ಅನುಮತಿಸುವ ಪೂರ್ತಿ ಸಡಿಲ ಹಗ್ಗದಲ್ಲಿದ್ದರೆ ಏನಾಗುತ್ತದೆ? ಹಗ್ಗ ಬಿಗಿಯುವವರೆಗೆ 1.8 ಮೀಟರ್, ಬಲ ಹೀರುವ ಪಟ್ಟಿ ಬಿಚ್ಚಿಕೊಳ್ಳಲು ಹೆಚ್ಚೆಂದರೆ 1.07 ಮೀಟರ್, ಹಾರ್ನೆಸ್ ಮೈಮೇಲೆ ಸರಿಯಲು ಸುಮಾರು 0.3 ಮೀಟರ್. ಒಟ್ಟು 3.17 ಮೀಟರ್. ಸೂರು ಇರುವುದು 2.4 ಮೀಟರ್‌ನಲ್ಲಿ. ಪಾದ ನೆಲಕ್ಕೆ ಬಡಿದ ಮೇಲೆ ಹಗ್ಗ ಕೆಲಸ ಮುಗಿಸುತ್ತದೆ! ಅಮೆರಿಕದ ನಿಯಮವೂ ಕೆಲಸಗಾರ ಕೆಳಮಟ್ಟಕ್ಕೆ ತಾಗಬಾರದು ಎಂಬ ಷರತ್ತು ಹಾಕಿದೆ ಎಂಬುದನ್ನು ಮರೆತಿಲ್ಲ. ಅಂದರೆ ನಿಯಮ ಬರೆದವರಿಗೆ ಇದು ಗೊತ್ತಿತ್ತು. ಅಂಗಡಿಯಿಂದ ಸುರುಳಿ ಹಗ್ಗ ಮತ್ತು ಬೆಲ್ಟ್ ತಂದು ‘ಹಾಕಿಕೋ’ ಎನ್ನುವ ಯಜಮಾನನಿಗೆ ಗೊತ್ತಿಲ್ಲ ಅಷ್ಟೆ.

ಹಾಗಾದರೆ ಎಷ್ಟು ಸಡಿಲ ಬಿಡಬಹುದು? ಹಗ್ಗವನ್ನು ನೆತ್ತಿಯ ತೊಲೆಗೆ ಬಿಗಿದು, ಹಗ್ಗವನ್ನು ಬೇಕಾದಲ್ಲಿ ಕಚ್ಚಿ ಹಿಡಿಯುವ ರೋಪ್‌ಗ್ರ್ಯಾಬ್‌ನಿಂದ ಉದ್ದ ಹೊಂದಿಸಿಕೊಂಡರೆ, ನಿಂತವನ ಕೊಂಡಿಯವರೆಗೆ ಬಿಗಿಯಾದ ಹಗ್ಗದ ಉದ್ದ 4.12 ಮೀಟರ್. ನೆತ್ತಿಯಿಂದ ಸೂರಿನ ಅಂಚಿಗೆ ಇಳಿಜಾರಿನ ಉದ್ದ 4.72 ಮೀಟರ್. ಅವನು ಜಾರಿದರೆ ಕೊಂಡಿ ಅಂಚಿಗಿಂತ 60 ಸೆಂಟಿಮೀಟರ್ ಈಚೆಗೇ ನಿಲ್ಲುತ್ತದೆ. ಕಾಲು ಸೂರಿನಾಚೆ ಜೋತರೂ ಎದೆ ಮಾಡಿನ ಮೇಲೇ ಉಳಿಯುತ್ತದೆ. ಒಂದು ಮೊಳ ಸಡಿಲ ಬಿಟ್ಟರೆ ಈ 60 ಸೆಂಟಿಮೀಟರ್ 14ಕ್ಕೆ ಇಳಿಯುತ್ತದೆ. ಎಳೆತಕ್ಕೆ ಹಗ್ಗ ಶೇ. 3ರಷ್ಟು ಹಿಗ್ಗಿದರೂ ಅದೂ ಮುಗಿಯಿತು. ಒಂದು ಗೇಣು ಸಡಿಲವಾದರೆ 37 ಸೆಂಟಿಮೀಟರ್ ಉಳಿಯುತ್ತದೆ. ಗೇಣೇ ಮಿತಿ ಎನ್ನಬೇಕು. ಇಲ್ಲಿ ಹಗ್ಗ ಮಾಡುವ ಕೆಲಸವೇ ಬೇರೆ: ಬಿದ್ದವನನ್ನು ಹಿಡಿಯುವುದಲ್ಲ, ಬೀಳುವ ಜಾಗಕ್ಕೆ ಹೋಗಗೊಡದಿರುವುದು.

ತೊಡಕು ಪಕ್ಕಕ್ಕೆ ಸರಿದಾಗ ಶುರುವಾಗುತ್ತದೆ. ಹಗ್ಗ ಕಟ್ಟಿದ ಜಾಗದಿಂದ ಸೂರಿನುದ್ದಕ್ಕೆ 3 ಮೀಟರ್ ಸರಿದವನಿಗೆ ಕೊಂಡಿಯವರೆಗೆ 5.10 ಮೀಟರ್ ಹಗ್ಗ ಬೇಕು. ಅವನು ಜಾರಿದರೆ ಲೋಲಕದಂತೆ ಬೀಸಿಕೊಂಡು ಕಟ್ಟಿದ ಜಾಗದ ನೇರಕ್ಕೆ ಬರುತ್ತಾನೆ. ಅಲ್ಲಿ ಸೂರು ಇರುವುದು 4.72 ಮೀಟರ್‌ಗೆ. ಗೇಣು ಹೋಗಲಿ, ಬೆರಳಷ್ಟೂ ಸಡಿಲವಿಲ್ಲದಿದ್ದರೂ ಕೊಂಡಿ ಅಂಚು ದಾಟಿ 38 ಸೆಂಟಿಮೀಟರ್ ಕೆಳಗಿಳಿಯುತ್ತದೆ, ಪಾದ ಅದಕ್ಕಿಂತ ಒಂದೂವರೆ ಮೀಟರ್ ಕೆಳಗೆ. ಹಗ್ಗದ ಹಿಗ್ಗನ್ನು ಸೇರಿಸಿದರೆ ನೆಲಕ್ಕೆ ಉಳಿಯುವುದು ಮೊಳಕ್ಕಿಂತ ಕಡಿಮೆ. ಗೇಣು ಸಡಿಲದೊಂದಿಗೆ ಎಡಬಲಕ್ಕೆ ಒಂದೂವರೆ ಮೀಟರ್‌ವರೆಗೆ ಮಾತ್ರ ಕೊಂಡಿ ಅಂಚಿನೀಚೆ ಉಳಿಯುತ್ತದೆ, ಅದೂ 10 ಸೆಂಟಿಮೀಟರ್ ಅಂತರದಲ್ಲಿ. ಇಷ್ಟು ದೂರ ಸರಿದಾಗ ಸಡಿಲವನ್ನೂ ಬಿಗಿಗೊಳಿಸಿಕೊಳ್ಳುವುದೇ ಲೇಸು. ಎಂದರೆ 12 ಮೀಟರ್ ಉದ್ದದ ಮಾಡಿಗೆ ನೆತ್ತಿಯಲ್ಲಿ ನಾಲ್ಕು ಕಡೆ ಕಟ್ಟು ಬೇಕು. ಒಂದೇ ಕಟ್ಟಿದ್ದರೆ ಅದನ್ನು ಬಿಚ್ಚಿ ಮುಂದೆ ಕಟ್ಟಲು ಪ್ರತಿಸಲವೂ ನೆತ್ತಿಗೆ ಹತ್ತಬೇಕು, ಮತ್ತು ಆ ಹೊತ್ತಿನಲ್ಲಿ ಹಗ್ಗವಿರುವುದಿಲ್ಲ.

ಇದರಿಂದ ನಾನು ಮಂಡಿಸುವ ವಾದ ಇಷ್ಟು: ತಗ್ಗಿನ ಸೂರಿನ ಮನೆಯಲ್ಲಿ, ಒಂದೇ ಕಟ್ಟಿನ ಉದ್ದ ಹಗ್ಗವನ್ನು ಕೊಟ್ಟು, ಅದನ್ನು ಬಳಸದವನ ಹೆಸರಿನ ಮುಂದೆ ‘ಅಸುರಕ್ಷಿತ ವರ್ತನೆ’ ಎಂದು ಬರೆಯುವುದು ತಪ್ಪು ವರ್ಗೀಕರಣ. ಅದು ಹೈನ್ರಿಚ್‌ರ ಶೇ. 10ರ ಪಟ್ಟಿಗೆ ಸೇರಬೇಕಾದದ್ದು. ಈ ಮಾತಿಗೆ ಹಲವು ಮಿತಿಗಳಿವೆ. ಮಾಡು ಹತ್ತುವವರು ಇಂಥ ಲೆಕ್ಕ ಹಾಕಿಯೇ ಬೆಲ್ಟ್ ಬಿಟ್ಟಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಸೆಕೆ, ಅವಸರ, ಬೆಲ್ಟ್ ಹಾಕಿದವನನ್ನು ಹೆದರುಪುಕ್ಕಲ ಎನ್ನುವ ನಗೆ, ಇವೂ ಕಾರಣವಾಗಬಲ್ಲವು. ಸೂರು, 3.17 ಮೀಟರ್‌ಗೆ ಸುರಕ್ಷತೆಯ ಅಂತರವನ್ನೂ ಸೇರಿಸಿ, ಸುಮಾರು 3.8 ಮೀಟರ್‌ಗಿಂತ ಎತ್ತರದಲ್ಲಿರುವ ಮನೆಗೆ, ಮುಖ್ಯವಾಗಿ ಉಪ್ಪರಿಗೆ ಮನೆಗಳಿಗೆ, ಈ ವಾದ ಪೂರ್ತಿ ಅನ್ವಯಿಸದು. ಅಲ್ಲಿ ಹಿಡಿದು ನಿಲ್ಲಿಸುವ ಹಗ್ಗಕ್ಕೆ ಜಾಗವಿದೆ, ಬೆಲ್ಟ್ ಬಿಟ್ಟವನ ಪರವಾಗಿ ಜ್ಯಾಮಿತಿ ಸಾಕ್ಷಿ ಹೇಳುವುದಿಲ್ಲ. ಸಿಮೆಂಟ್ ಶೀಟಿನ ಮಾಡಿನ ಅಪಾಯ ಸೂರಿನಲ್ಲಿಲ್ಲ, ಕಾಲ ಕೆಳಗೇ ಇದೆ; ಅಲ್ಲಿ ಹಗ್ಗಕ್ಕಿಂತ ಮೊದಲು ಹಲಗೆ ಬೇಕು. ಕೊಂಡಿಯ ಎತ್ತರ, ಇಳಿಜಾರು ಬದಲಾದರೆ ನನ್ನ ಅಂಕಿಗಳೂ ಬದಲಾಗುತ್ತವೆ. ಮಾಡು ಚಪ್ಪಟೆಯಾದಷ್ಟೂ ಗೇಣಿನ ಮಿತಿ ಇನ್ನೂ ಬಿಗಿಯಾಗುತ್ತದೆ.

ಕಾನೂನಿನತ್ತ ಒಂದು ಮಾತು. 1996ರ ಕಾಯ್ದೆಯ ವ್ಯಾಖ್ಯೆಯಲ್ಲಿ ದುರಸ್ತಿಯೂ ಕಟ್ಟಡ ಕೆಲಸವೇ ಆಗಿತ್ತು. ಆದರೆ ಹತ್ತು ಕಾರ್ಮಿಕರಿಗಿಂತ ಕಡಿಮೆ ಇದ್ದರೆ ಅದು ಅನ್ವಯವಾಗುತ್ತಿರಲಿಲ್ಲ. ಸ್ವಂತ ವಾಸದ ಮನೆಯ ಕೆಲಸ 10 ಲಕ್ಷ ರೂಪಾಯಿ ಮೀರದಿದ್ದರೂ ಅನ್ವಯವಾಗುತ್ತಿರಲಿಲ್ಲ. ಅದರ ಬದಲಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಈ ಮೊತ್ತವನ್ನು 50 ಲಕ್ಷಕ್ಕೆ ಏರಿಸಿತು. ಹಂಚು ಕೈಯಾಡಿಸಲು ಬರುವುದು ಮೂರೋ ನಾಲ್ಕೋ ಜನ. ಇಳಿಜಾರು ಮಾಡಿನ ಅಧ್ಯಾಯವನ್ನು ಯಾವ ಮಾಡಿಗಾಗಿ ಬರೆದರೋ ಆ ಮಾಡಿನ ಮೇಲಿರುವವನೇ ಅದರ ಹೊರಗಿದ್ದಾನೆ. ಹಾಗಾಗಿ ಇಲ್ಲಿ ತಪಾಸಣೆಯನ್ನು ನೆಚ್ಚಿ ಕೂರುವಂತಿಲ್ಲ. ನೆತ್ತಿಯ ತೊಲೆಯಲ್ಲಿ ಮೂರು ಮೀಟರಿಗೊಂದು ಶಾಶ್ವತ ಬಳೆ ಕೂರಿಸುವುದು ಮನೆಯವರ ಕೈಯಲ್ಲಿರುವ ಕೆಲಸ.

ಆ ತೊಲೆ ತಡೆಯುತ್ತದೆಯೇ ಎಂಬುದು ಮಾತ್ರ ತೀರ್ಮಾನವಾಗದೆ ಉಳಿಯುವ ಪ್ರಶ್ನೆ. ಬಿದ್ದವನನ್ನು ಹಿಡಿಯುವ ಕಟ್ಟಿಗೆ ಅಮೆರಿಕ ಕೇಳುವುದು 22 ಕಿಲೋನ್ಯೂಟನ್, ಇಲ್ಲವೆ ತಜ್ಞರು ಲೆಕ್ಕ ಹಾಕಿದ ಬಲದ ಇಮ್ಮಡಿ. ಹೋಗಗೊಡದ ಹಗ್ಗಕ್ಕೆ ಅಷ್ಟು ಬೇಡ. ಆದರೂ ಗೆದ್ದಲು ಹತ್ತಿದ, ದಶಕಗಳ ಮಳೆ ಕಂಡ ಹಲಸು, ಕಿರಾಲುಬೋಗಿ ತೊಲೆಗಳ ಬಲವನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಕರಾವಳಿಯಲ್ಲಿ ಹಳೆಯ ಹಂಚಿನ ಮನೆಗಳನ್ನು ಕೆಡವಿ ತಾರಸಿ ಹಾಕುವ ಕೆಲಸ ನಡೆದೇ ಇದೆ. ಆ ತೊಲೆಗಳು ಸೌದೆಗೆ ಹೋಗುವ ಮುನ್ನ ಅವುಗಳಲ್ಲಿ ಕೆಲವನ್ನಾದರೂ ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಪ್ರಯೋಗಾಲಯಕ್ಕೆ ತರಿಸಿ, ಬಳೆ ಕೂರಿಸಿ, ಎಳೆದು ನೋಡಬೇಕು.