ಯಾದವಗಿರಿಯಿಂದ ಸಿಲಿಕಾನ್ ಓಯಸಿಸ್‌ಗೆ: ಒಂದು ಬೈಕಿನ ಆಯ್ಕೆ

ನಮ್ಮ ಬಳಗದ ಕಳೆದ ಕೂಟದಲ್ಲಿ ಕಾವ್ಯದ ಮಾತು ಅರ್ಧಕ್ಕೇ ನಿಂತುಹೋಯಿತು. ಕಾರಣ ಒಂದು ಮೋಟಾರ್ ಸೈಕಲ್! ದುಬೈ ಸಿಲಿಕಾನ್ ಓಯಸಿಸ್‌ನ ಗೆಳೆಯರೊಬ್ಬರ ಮನೆಯಲ್ಲಿ ಸೇರಿದ್ದೆವು. ಚಹಾ ಬರುವ ಹೊತ್ತಿಗೆ ಅವರೇ ವಿಷಯ ತೆಗೆದರು: "ಐವತ್ತು ತುಂಬಿತು. ಈಗಲಾದರೂ ಒಂದು ಕ್ರೂಸರ್ ಬೈಕ್ ತಗೋಬೇಕು ಅಂತಿದ್ದೀನಿ. ತೀರಾ ದೊಡ್ಡದು ಬೇಡ, ಮಧ್ಯಮ ಗಾತ್ರದ್ದು ಸಾಕು. ಯಾವುದು ತಗೊಳ್ಳಲಿ, ಹೇಳ್ರಪ್ಪ."

ಗೆಳೆಯರು ಮೈಸೂರಿನವರು. ಅವರು ದುಬೈಗೆ ಹೊರಟಾಗ ಟಿಕೆಟ್ಟಿನ ಹಣಕ್ಕೆಂದು ತಂದೆ ತಮ್ಮ ಯೆಜ್ಡಿ ರೋಡ್‌ಕಿಂಗ್ ಮಾರಿದ್ದರಂತೆ. ಪ್ರಶ್ನೆ ಬರೀ ಬೈಕಿನದಲ್ಲ ಎಂದು ನಮಗೆ ಆಗಲೇ ಅರ್ಥವಾಯಿತು. ಉತ್ತರ ಹುಡುಕುವ ಮೊದಲು ಮೈಸೂರಿಗೊಮ್ಮೆ ಹೋಗಿಬರೋಣ.

ಜಾವಾ ಎಂದರೆ ಇಂಡೋನೇಷ್ಯಾದ ದ್ವೀಪವಲ್ಲ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ತಯಾರಿಕೆಯ ಹಕ್ಕು ಕೊಂಡುಕೊಂಡ. ಇಬ್ಬರ ಹೆಸರಿನ ಮೊದಲ ಎರಡೆರಡು ಅಕ್ಷರ ಸೇರಿ ಜಾವಾ ಆಯಿತು. ಅದೇ ಬೈಕನ್ನು ನಮ್ಮಲ್ಲೇ ತಯಾರಿಸಲು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಹಿಂದಿದ್ದವರು ಪಾರ್ಸಿ ಇರಾನಿ ಮನೆತನದ ರುಸ್ತುಂ ಮತ್ತು ಫಾರೂಕ್ ಇರಾನಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪಿನ ಹೆಸರದು. ನಾವಿರುವ ದುಬೈಯಿಂದ ಕೊಲ್ಲಿ ದಾಟಿದರೆ ಇರಾನ್. ನಮ್ಮೂರ ಬೈಕಿನ ಹೆಸರು ನಮ್ಮ ಪಕ್ಕದ ದಡದ್ದು ಎಂಬುದು ಸೋಜಿಗವಲ್ಲವೇ?

ಆ ಗಾಡಿ ಓಡಿಸಿದವರಿಗೆ ನೆನಪಿರಬಹುದು... ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್! ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಎರಡು ಸೈಲೆನ್ಸರಿನಿಂದ ನೀಲಿ ಹೊಗೆ. 1978ರಲ್ಲಿ ಬಂದ ರೋಡ್‌ಕಿಂಗ್ ಇಂದಿನ ಅರ್ಥದ ಕ್ರೂಸರ್ ಅಲ್ಲ. 250 ಸಿಸಿಯ ಗಟ್ಟಿ ಗಾಡಿ, ಅಷ್ಟೆ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ತನ್ನ ರೋಡ್ ಕಿಂಗ್ ತಂದದ್ದು 1994ರಲ್ಲಿ. ಹೆಸರಿನ ಮಟ್ಟಿಗಾದರೂ ಮೈಸೂರೇ ಮೊದಲು!

ಇಷ್ಟು ಪ್ರೀತಿ ಗಳಿಸಿದ ಗಾಡಿ ಯಾಕೆ ನಿಂತಿತು? 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಫೋರ್ ಸ್ಟ್ರೋಕ್ ಎಂಜಿನ್, ಹಗುರ ಗಾಡಿ, ಒಂದು ಲೀಟರಿಗೆ ಬಹುದೂರ. ಸಂಬಳದ ದಿನ ಎಣಿಸುವ ಮನೆಗಳು ಅತ್ತ ವಾಲಿದವು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿದವು ನಿಜ. ಆದರೆ ತಯಾರಾಗುವುದು ಮಧ್ಯಪ್ರದೇಶದ ಪೀತಾಂಪುರದಲ್ಲಿ. ಆದರೂ ಹಳೆಯ ಗಾಡಿಗಳು ಮೈಸೂರು, ಬೆಂಗಳೂರಿನ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ಅವನ್ನು ಉಳಿಸಿದ್ದು ಜಾಹೀರಾತಲ್ಲ, ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು.

ನಾವು ಗೆಳೆಯರಿಗೆ ಹೇಳಿದ್ದೂ ಇದನ್ನೇ. ನೆನಪು ಬೈಕ್ ಕೊಳ್ಳಲು ಆಸೆ ಹುಟ್ಟಿಸಲಿ, ಆದರೆ ಆರಿಸುವ ಕೆಲಸ ಅದಕ್ಕೆ ಬೇಡ. ಊರು, ರಸ್ತೆ, ವಯಸ್ಸು, ರಿಪೇರಿ... ಇವು ಆರಿಸಲಿ. ಅವರ ಮನಸ್ಸು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ಮೇಲಿತ್ತು. ಊರಿನ ಗಾಡಿ, ನೋಡಲು ಗಂಭೀರ. ಆದರೆ ತೂಕ 241 ಕೆ.ಜಿ. ಹೋಂಡಾ ರೆಬೆಲ್ 500 ಸುಮಾರು 190 ಕೆ.ಜಿ., ಸೀಟಿನ ಎತ್ತರ 690 ಮಿ.ಮೀ. ಕವಾಸಾಕಿ ವಲ್ಕನ್ ಎಸ್ 650 ಸಿಸಿ ವರ್ಗದ್ದು, ಕಾಲಿಡುವ ಜಾಗವನ್ನು ಸವಾರನ ಅಳತೆಗೆ ಹೊಂದಿಸಿಕೊಳ್ಳಬಹುದು. ಇವೆರಡರ ಎಂಜಿನ್ ತಣಿಸಲು ಕೂಲಂಟ್ ಇದೆ. ಸೂಪರ್ ಮೀಟಿಯರ್ ಗಾಳಿ, ಆಯಿಲ್ ನಂಬಿದೆ. ಜುಲೈ ತಿಂಗಳಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಈ ವ್ಯತ್ಯಾಸ ತೊಡೆಗೇ ತಿಳಿಯುತ್ತದೆ! ಇಪ್ಪತ್ತೈದು ವರ್ಷ ಹ್ಯಾಂಡಲ್ ಹಿಡಿಯದವರಿಗೆ ಪಾರ್ಕಿಂಗಿನಲ್ಲಿ ಐವತ್ತು ಕೆ.ಜಿ. ಅಂದರೆ ಒಂದು ಮೂಟೆ ಅಕ್ಕಿ.

ಗೆಳೆಯರು ಮೊದಲು ಬೈಕಿನ ಲೈಸೆನ್ಸಿಗೆ ತರಬೇತಿ ಪಡೆದರು. ಇಲ್ಲಿ ಕಾರಿನದು ಬೈಕಿಗೆ ನಡೆಯುವುದಿಲ್ಲ. ಆಮೇಲೆ ಮೂರನ್ನೂ ಹತ್ತಿ ಕೂತು, ನಿಂತಲ್ಲೇ ಹಿಂದಕ್ಕೆ ತಳ್ಳಿ ನೋಡಿದರು. ಕೊನೆಗೆ ಮನೆಗೆ ಬಂದದ್ದು ರೆಬೆಲ್.

ಮೊದಲ ದಿನವೇ ಮೈಸೂರಿಗೆ ವಿಡಿಯೋ ಕರೆ ಮಾಡಿ ತಂದೆಗೆ ತೋರಿಸಿದರು. ಹಿರಿಯರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರಂತೆ. ಟಿಕೆಟ್ಟಿನ ಮಾತು, ಮಾರಿದ ಗಾಡಿಯ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ಕೇಳಿದ್ದು ಒಂದೇ: "ಎಲ್ಲಾ ಸರಿ ಕಣೋ, ಕಿಕ್ಕರ್ ಎಲ್ಲಿ? ಬ್ಯಾಟರಿ ಹೋದ್ರೆ ಏನ್ ಮಾಡ್ತೀಯ?"

ನಿಮ್ಮ ಮನೆಯಲ್ಲೂ ಜಾವಾ, ಯೆಜ್ಡಿ ಇತ್ತೇ? ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ.