ಕರಿಕೆಸರಿನಲ್ಲಿ ಉಸಿರು ಹಿಡಿದವರು

ನಮ್ಮ ಹುಂಚ ನೀರು ಇಬ್ಭಾಗವಾಗುವ ಸೀಮೆ. ಪಕ್ಕದ ಬಿಲ್ಲೇಶ್ವರದಲ್ಲಿ ಹುಟ್ಟುವ ಕುಮುದ್ವತಿ ಮೂಡಣಕ್ಕೆ ಹರಿದು ತುಂಗಭದ್ರೆಯನ್ನು ಸೇರುತ್ತಾಳೆ. ಅದೇ ಹೊಸನಗರ ತಾಲ್ಲೂಕಿನ ಇನ್ನೆಷ್ಟೋ ಹಳ್ಳಗಳು ಶರಾವತಿಯ ಕೈಹಿಡಿದು ಪಡುವಣ ಕಡಲಿಗೆ ಇಳಿಯುತ್ತವೆ. ನಾನು ಈ ಎರಡನೆಯ ನೀರಿನ ಬೆನ್ನು ಹತ್ತಿ ಕಡಲ ಜೀವಶಾಸ್ತ್ರಕ್ಕೆ ಹೋದವನು. ರಜೆಯಲ್ಲಿ ಊರಿಗೆ ಬಂದಾಗ ಮುತ್ತಿನಕೆರೆಯ ಏರಿಯ ಮೇಲೆ ಸಿಕ್ಕವರೆಲ್ಲ, ‘ಏನು ಮಾರಾಯ, ಮುತ್ತು ಸಿಕ್ತಾ?’ ಎಂದು ಕೇಳುತ್ತಿದ್ದರು. ನನಗೆ ಸಿಕ್ಕಿದ್ದು ಕೊಳೆತ ಮೊಟ್ಟೆ ನಾರುವ ಕೆಸರು. ನಲವತ್ತು ವರ್ಷ ಅದರಲ್ಲೇ ಕಳೆದೆ, ಬೇಸರವಾಗಲಿಲ್ಲ.

ಈಗ ಇದನ್ನು ಬರೆಯಲು ಕಾರಣ ‘ಸತ್ತ ವಲಯ’ ಎಂಬ ಮಾತು. 2018ರಲ್ಲಿ ಒಮಾನ್ ಕೊಲ್ಲಿಯ ಅಳತೆಗಳು ಹೊರಬಂದ ಮೇಲೆ ಪತ್ರಿಕೆಗಳಿಗೆ ಅರಬ್ಬಿ ಸಮುದ್ರದ ನಡುನೀರು ಒಂದು ಹೆಣವಾಗಿಬಿಟ್ಟಿದೆ. ಅಲ್ಲಿ ಆಮ್ಲಜನಕ ಇಲ್ಲದಷ್ಟು ಕಡಿಮೆ ಎಂಬುದು ನಿಜ. ಆದರೆ ಆಮ್ಲಜನಕ ಇಲ್ಲದಲ್ಲಿ ಜೀವವಿಲ್ಲ ಎಂದು ತೀರ್ಮಾನಿಸುವವರು ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿನಲ್ಲಿ ಒಮ್ಮೆ ಮಂಡಿಮಟ್ಟ ಇಳಿದು ನೋಡಲಿ.

ಕೆಸರಿನೊಳಗಿನ ವ್ಯವಹಾರ ಸರಳ. ಎಲೆ, ಪಾಚಿ, ಹೆಣಗಳನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮೇಲಿನ ಕೆಲವೇ ಮಿಲಿಮೀಟರಿನೊಳಗೆ ಆಮ್ಲಜನಕವನ್ನು ಮುಗಿಸುತ್ತವೆ. ಆಮೇಲೆ ಅವುಗಳಲ್ಲಿ ಕೆಲವು ಸಲ್ಫೇಟಿಗೆ ಕೈಹಾಕುತ್ತವೆ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುವುದರಿಂದ ಅದಕ್ಕೆ ಬರವಿಲ್ಲ. ಈ ಕೆಲಸದಲ್ಲಿ ಹುಟ್ಟುವ ಕಸವೇ ಹೈಡ್ರೋಜನ್ ಸಲ್ಫೈಡ್. ಅದು ಜೀವಕೋಶ ಉಸಿರಾಡುವ ಸರಪಳಿಯ ಕೊನೆಯ ಕಿಣ್ವವನ್ನು ಸಯನೈಡಿನಂತೆಯೇ ಕಟ್ಟಿಹಾಕುತ್ತದೆ. ನಮ್ಮ ಮಲೆನಾಡಿನ ಗದ್ದೆಯೂ ಹೀಗೆಯೇ ಕೊಳೆಯುತ್ತದೆ. ಆದರೆ ಸಿಹಿನೀರಿನಲ್ಲಿ ಸಲ್ಫೇಟ್ ಅತ್ಯಲ್ಪ, ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಹೇರಳ. ಹುಟ್ಟಿದಷ್ಟು ಸಲ್ಫೈಡನ್ನೂ ಕಬ್ಬಿಣ ಹಿಡಿದು ಕಪ್ಪಾಗಿ ಕೂರಿಸಿಬಿಡುತ್ತದೆ. ಹಾಗಾಗಿ ನಾಟಿಯ ಹೆಂಗಸರು ಮೂಗು ಮುಚ್ಚಿಕೊಳ್ಳುವುದಿಲ್ಲ.

ಹಳೆಯ ಕಥೆಯನ್ನು ಬೇಗ ಮುಗಿಸುತ್ತೇನೆ. 1933–34ರಲ್ಲಿ ಈಜಿಪ್ಟಿನ ‘ಮಬಾಹಿಸ್’ ಹಡಗಿನಲ್ಲಿ ಸ್ಯೂವೆಲ್ ಮುಂದಾಳುತನದ ಜಾನ್ ಮರ್ರೆ ಯಾತ್ರೆ ಅರಬ್ಬಿ ಸಮುದ್ರವನ್ನು ಸುತ್ತಿತು. ನಡು ಆಳದ ತಳದಿಂದ ಎಳೆದ ಬಲೆ ಹಲವು ಕಡೆ ಬರಿದಾಗಿಯೇ ಮೇಲೆ ಬಂತು, ಕೆಲವು ಕಡೆ ಕೆಸರು ನಾರಿತು. ಸತ್ತ ವಲಯದ ಮಾತಿಗೆ ಬೀಜ ಬಿದ್ದದ್ದು ಅಲ್ಲೇ ಇರಬೇಕು. 1959ರಲ್ಲಿ ಕ್ಯಾರುದರ್ಸ್ ಮತ್ತು ಸಂಗಡಿಗರು ಆಮ್ಲಜನಕ ಬತ್ತಿದ ನೀರು ಮುಂಬಯಿಯ ಕರೆಯತ್ತ ಏರಿಬರುವುದನ್ನು ತೋರಿಸಿದರು. ಅದೇ ವರ್ಷ ಕಾರ್ಲ್ ಬಾನ್ಸೆ, ಮಳೆಗಾಲದಲ್ಲಿ ತಳನೀರು ಮೇಲೇಳುವುದಕ್ಕೂ ನೈಋತ್ಯ ಕರಾವಳಿಯ ತಳಬಲೆಯ ಮೀನಿಗೂ ನಂಟು ಹಾಕಿದ. 1966ರಲ್ಲಿ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಕೆಸರು ಜರಡಿ ಹಿಡಿದು ಹುಳು ಎಣಿಸುವ ಕೆಲಸ ಶುರುವಾಯಿತು, ಇನ್ನೂ ನಡೆದಿದೆ. ಎಣಿಕೆ ಬೇಕು. ಆದರೆ ಎಣಿಸಿದ ಹುಳು ಅಲ್ಲಿ ಹೇಗೆ ಬದುಕಿತ್ತು ಎಂಬುದನ್ನು ಜರಡಿ ಹೇಳುವುದಿಲ್ಲ.

ಅದನ್ನು ಮೊದಲು ನೆಟ್ಟಗೆ ಕೇಳಿದ್ದು ಜರ್ಮನಿಯ ಕೀಲ್‌ನಲ್ಲಿ. 1969ರಲ್ಲಿ ಥೇಡೆ ಮತ್ತು ಸಂಗಡಿಗರು ತಳದ ಪ್ರಾಣಿಗಳನ್ನು ಆಮ್ಲಜನಕವಿಲ್ಲದ ನೀರಿನಲ್ಲಿಟ್ಟು, ಸಲ್ಫೈಡ್ ಬೆರೆಸಿಯೂ ಬೆರೆಸದೆಯೂ, ಎಷ್ಟು ದಿನ ಉಳಿಯುತ್ತವೆಂದು ನೋಡಿದರು. ಏಡಿ, ಸೀಗಡಿಗಳು ಬೇಗ ಸೋತವು. ಕೆಲವು ಚಿಪ್ಪುಜೀವಿಗಳು ವಾರಗಟ್ಟಲೆ ಹಿಡಿದವು. ಮರುವರ್ಷ ಫೆಂಚೆಲ್ ಮತ್ತು ರೀಡ್ಲ್, ಕಡಲ ಮರಳಿನ ಮೇಲ್ಪದರದ ಕೆಳಗೆ ಒಂದು ಇಡೀ ಜೀವಸಮುದಾಯವೇ ಸಲ್ಫೈಡಿನಲ್ಲಿ ಮನೆಮಾಡಿದೆ ಎಂದು ಬರೆದರು.

ಇನ್ನು 1977ರ ಗಾಲಪಗೋಸ್ ಬಿಸಿಬುಗ್ಗೆಗಳು. ಆಳುದ್ದದ, ಬಾಯಿಯೂ ಕರುಳೂ ಇಲ್ಲದ ರಿಫ್ಟಿಯಾ ಕೊಳವೆಹುಳು ಸಿಕ್ಕಿತು. 1981ರಲ್ಲಿ ಕ್ಯಾವನಾ, ಫೆಲ್‌ಬೆಕ್ ಮೊದಲಾದವರು ಅದು ತನ್ನೊಳಗೆ ಸಾಕಿಕೊಂಡ ಬ್ಯಾಕ್ಟೀರಿಯಾಗಳಿಗೆ ಸಲ್ಫೈಡ್ ಉಣಿಸಿ ತಾನು ಉಣ್ಣುತ್ತದೆಂದು ತೋರಿಸಿದರು. ಅದ್ಭುತವೇ ಸರಿ. ಆದರೆ ಅಂದಿನಿಂದ ಈ ವಿಷಯದ ಯಾವ ಉಪನ್ಯಾಸಕ್ಕೆ ಹೋದರೂ ಮೊದಲ ಚಿತ್ರ ಆ ಕೆಂಪು ಹುಳುವಿನದೇ. ಮದುವೆಮನೆಯಲ್ಲಿ ವಾಲಗದವರನ್ನಷ್ಟೇ ನೋಡಿ ಬಂದ ಹಾಗೆ.

ನನ್ನ ತಲೆಮಾರು ಬೆಳೆದದ್ದು ಅದರ ಮಗ್ಗುಲಲ್ಲಿ ಸದ್ದಿಲ್ಲದೆ ನಡೆದ ಕೆಲಸದ ಮೇಲೆ. 1986ರಲ್ಲಿ ಪೊವೆಲ್ ಮತ್ತು ಸೊಮೆರೊ, ಸೋಲೆಮಿಯಾ ಎಂಬ ಚಿಪ್ಪುಜೀವಿಯ ಮೈಟೊಕಾಂಡ್ರಿಯಾ ಸಲ್ಫೈಡನ್ನು ಸುಟ್ಟು ಅದರಿಂದಲೇ ಶಕ್ತಿ ಪಡೆಯುತ್ತದೆಂದು ತೋರಿಸಿದರು. ಬ್ಯಾಕ್ಟೀರಿಯಾ ಅಲ್ಲ, ಪ್ರಾಣಿಯದೇ ಜೀವಕೋಶ. ವಿಷವೇ ಸೌದೆ. ಡ್ಯುಸೆಲ್‌ಡಾರ್ಫಿನಲ್ಲಿ ಗ್ರೀಸ್‌ಹಾಬರ್, ಫೋಲ್ಕೆಲ್ ಅವರು ಅರೆನಿಕೋಲಾ ಎಂಬ ಕೆಸರುಹುಳುವಿನ ಹಿಂದೆ ವರ್ಷಗಟ್ಟಲೆ ಬಿದ್ದರು. ನೀರಿರುವಾಗ ಅದು ಬಿಲದೊಳಗೆ ನೀರನ್ನು ತಳ್ಳಿಕೊಳ್ಳುತ್ತದೆ, ಒಳನುಗ್ಗಿದ ಸಲ್ಫೈಡನ್ನು ಅಷ್ಟು ಕೇಡಿಲ್ಲದ ಥಯೋಸಲ್ಫೇಟ್ ಮಾಡುತ್ತದೆ. ಆಮ್ಲಜನಕ ಪೂರ್ತಿ ತೀರಿದರೆ ಬೇರೆ ದಾರಿ: ಕೂಡಿಟ್ಟ ಗ್ಲೈಕೋಜನ್ನನ್ನು ಸಕ್ಸಿನೇಟ್, ಪ್ರೊಪಿಯೊನೇಟ್‌ವರೆಗೆ ಒಡೆಯುತ್ತದೆ. ನಮ್ಮ ಸ್ನಾಯುಗಳು ಲ್ಯಾಕ್ಟೇಟ್ ಮಾಡಿ ಗಳಿಸುವುದಕ್ಕಿಂತ ಇದರಲ್ಲಿ ಗಳಿಕೆ ಸುಮಾರು ಒಂದೂವರೆಯಿಂದ ಎರಡು ಪಟ್ಟು. ಅದಕ್ಕಿಂತ ದೊಡ್ಡ ಜಾಣತನ ಖರ್ಚು ಇಳಿಸುವುದರಲ್ಲಿದೆ. ಬಾಯಿ ಮುಚ್ಚಿದ ಚಿಪ್ಪುಜೀವಿ ತನ್ನ ದಿನದ ಖರ್ಚನ್ನು ಹತ್ತರಲ್ಲಿ ಒಂದು ಪಾಲಿಗೂ ಕೆಳಗೆ ತರಬಲ್ಲದು. 1998ರಲ್ಲಿ ಇವರಿಬ್ಬರೂ ಬರೆದ ಸಮೀಕ್ಷೆಯನ್ನು ಇವತ್ತಿಗೂ ವಿದ್ಯಾರ್ಥಿಗಳ ಕೈಗೆ ಮೊದಲು ಕೊಡುತ್ತೇನೆ.

ಇನ್ನೂ ಕೆಲವು ಉಪಾಯಗಳುಂಟು. ಟ್ಯೂಬಿಫಿಕಾಯ್ಡಿಸ್ ಎಂಬ ಸಣ್ಣ ಹುಳು ಸಲ್ಫೈಡನ್ನು ಕಬ್ಬಿಣದೊಂದಿಗೆ ಮೈಮೇಲೆ ಕರಿಯಾಗಿ ಕೂರಿಸಿಕೊಳ್ಳುತ್ತದೆ, ನಮ್ಮ ಗದ್ದೆಮಣ್ಣಿನ ಉಪಾಯವೇ. ನಮ್ಮ ಅಳಿವೆಗಳಲ್ಲೂ ಇರುವ ಅನಡಾರಾ ಚಿಪ್ಪಿಯ ರಕ್ತ ನಮ್ಮದರ ಹಾಗೆ ಕೆಂಪು. ಹೆಚ್ಚಿನ ಚಿಪ್ಪುಜೀವಿಗಳಲ್ಲಿಲ್ಲದ ಹಿಮೋಗ್ಲೋಬಿನ್ ಅದಕ್ಕುಂಟು. 2010ರಲ್ಲಿ ಮೆಡಿಟರೇನಿಯನ್ನಿನ ಆಳದಲ್ಲಿ ಆಮ್ಲಜನಕವೇ ಬೇಡದ ಪ್ರಾಣಿಗಳು ಸಿಕ್ಕವೆಂದು ದೊಡ್ಡ ಸುದ್ದಿಯಾಯಿತು. ಅವು ಅಲ್ಲಿ ನಿಜವಾಗಿ ಬದುಕಿದ್ದವೇ ಎಂಬ ತಕರಾರು ಆಮೇಲೆ ಬಂತು. ಅದು ಅಷ್ಟು ಸುದ್ದಿಯಾಗಲಿಲ್ಲ.

ನಮ್ಮ ಕಡಲಿಗೆ ಬರೋಣ. 1997ರಿಂದ ಗೋವೆಯ ಕ್ಯಾಂಡೋಲಿಮ್ ಎದುರು ನೀರನ್ನು ಮತ್ತೆ ಮತ್ತೆ ಅಳೆಯುತ್ತ ಬಂದಿದ್ದಾರೆ. 2000ದಲ್ಲಿ ನಖ್ವಿ ಮತ್ತು ಸಂಗಡಿಗರು ‘ನೇಚರ್’ನಲ್ಲಿ ಬರೆದ ಪ್ರಬಂಧ ನಮ್ಮೆಲ್ಲರ ಕಣ್ಣು ತೆರೆಸಿತು. ಮಳೆಗಾಲದಲ್ಲಿ ತಣ್ಣನೆಯ, ಆಮ್ಲಜನಕ ಕಳೆದ ನೀರು ಕರೆಯತ್ತ ಏರುತ್ತದೆ. ಅದರ ಮೇಲೆ ಘಟ್ಟದ ಹೊಳೆಗಳ ಸಿಹಿನೀರು ಮುಚ್ಚಳದಂತೆ ಕೂರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ತಳನೀರಿನಲ್ಲಿ ಸಲ್ಫೈಡ್ ಕಾಣಿಸುತ್ತದೆ. ಹೀಗೆ ಉಸಿರುಗಟ್ಟುವ ಹರಹು ಸುಮಾರು 1.8 ಲಕ್ಷ ಚದರ ಕಿಲೋಮೀಟರ್, ಕರ್ನಾಟಕಕ್ಕಿಂತ ತುಸು ಕಡಿಮೆ. ಅದರಾಚೆ, ಇಳಿಜಾರಿನ ಆಳದಲ್ಲಿ, ಆಮ್ಲಜನಕ ಕಡಿಮೆಯಾದಷ್ಟೂ ಉದ್ದ ಕಿವಿರಿನ ಹುಳುಗಳದ್ದೇ ರಾಜ್ಯ. ಒಮಾನಿನ ಕಡೆ ಲಿಸಾ ಲೆವಿನ್, ಇತ್ತ ಬಬನ್ ಇಂಗೋಳೆ, ಜೋಯ್ದಾಸ್ ಮತ್ತು ದಾಮೋದರನ್ ಇದನ್ನೆಲ್ಲ ಚೆನ್ನಾಗಿ ದಾಖಲಿಸಿದ್ದಾರೆ. ಜಾತಿಗಳು ಕಡಿಮೆ, ತಲೆಗಳು ಕಡಿಮೆಯಲ್ಲ. ಇದನ್ನೇ ಸತ್ತ ವಲಯ ಎನ್ನುವುದು.

ಅಳಿವೆಯ ಕಥೆ ಬೇರೆ. ಅಘನಾಶಿನಿಯಿಂದ ವರ್ಷಕ್ಕೆ ಸುಮಾರು 22,000 ಟನ್ ಬಳಚು ಮತ್ತಿತರ ಚಿಪ್ಪುಜೀವಿಗಳು ಬರುತ್ತವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಬೂಮಿನಾಥನ್, ಸುಭಾಷ್‌ಚಂದ್ರನ್, ರಾಮಚಂದ್ರ ಅವರು 2008ರಲ್ಲಿ ಲೆಕ್ಕಹಾಕಿದರು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು. ತುಸು ದಕ್ಷಿಣಕ್ಕೆ, ಹೊನ್ನಾವರದಲ್ಲಿ, ನಮ್ಮ ಶರಾವತಿಯ ಅಳಿವೆ. ಅಲ್ಲಿ ಬಳಚು ಬಹುಪಾಲು ಇಲ್ಲವಾಗಿದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿಯುತ್ತದೆ, ಉಪ್ಪು ಏರುವುದಿಲ್ಲ. ಅದೇ ತಂಡ ಕೊಟ್ಟ ಕಾರಣ ಇದು, ಸರಿಯೂ ಹೌದು.

ನಾನು ಅದಕ್ಕೆ ಸೇರಿಸುವುದು ಇಷ್ಟೆ. ಮಳೆಗಾಲದ ಸಿಹಿನೀರು ಬಂದಾಗ ಬಳಚು ಮಾಡುವುದು ಒಂದೇ ಕೆಲಸ, ಬಾಗಿಲು ಹಾಕಿಕೊಳ್ಳುವುದು. ಹಾಕಿಕೊಂಡ ಬಾಗಿಲ ಒಳಗೆ ಆಮ್ಲಜನಕ ಬೇಗ ತೀರುತ್ತದೆ. ಅಂದರೆ ಉಪ್ಪಿನ ಕಷ್ಟ ಒಳಗೆ ಹೋಗಿ ಉಸಿರಿನ ಕಷ್ಟವಾಗುತ್ತದೆ. ಹೊರಗೆ ಸಲ್ಫೈಡಿನ ಕೆಸರು, ಒಳಗೆ ತಾನೇ ಕಟ್ಟಿಕೊಂಡ ಗಾಳಿಯಿಲ್ಲದ ಕೋಣೆ. ಈ ಮುಚ್ಚುಮನೆಯ ಅವಧಿಗೆ ಒಂದು ಮಿತಿಯಿದೆ. ಆಷಾಢ ಶ್ರಾವಣಕ್ಕೆ ಸಾಕಾಗುವ ಗ್ಲೈಕೋಜನ್ ಹನ್ನೆರಡು ತಿಂಗಳಿಗೆ ಸಾಲದು. ಶರಾವತಿಯ ಬಳಚು ಸತ್ತದ್ದು ಉಪ್ಪಿಲ್ಲದೆಯೋ, ಬಾಗಿಲು ತೆರೆಯಲಾಗದೆಯೋ? ಕೀಲ್‌ನ ಪಟ್ಟಿಗಳು ಇಲ್ಲಿ ನೆರವಿಗೆ ಬರುವುದಿಲ್ಲ. ಅವು ತಣ್ಣೀರಿನ ಪ್ರಾಣಿಗಳವು. ಹತ್ತು ಡಿಗ್ರಿ ಏರಿದರೆ ದೇಹದ ಖರ್ಚು ಎರಡು ಮೂರು ಪಟ್ಟಾಗುತ್ತದೆ, ನಮ್ಮ ಕೆಸರಿನ ಶಾಖ 28–30 ಡಿಗ್ರಿ. ನಮ್ಮ ನೀರಿನಲ್ಲಿ, ನಮ್ಮ ಮಳೆಯಲ್ಲಿ, ನಮ್ಮ ಬಳಚಿನ ಮೇಲೆಯೇ ಅಳೆಯಬೇಕು. ಒಂದು ಮಳೆಗಾಲ ಪೂರ್ತಿ ಅಳಿವೆಯಲ್ಲಿ ಕೂರುವ ಯೋಜನೆಯೊಂದನ್ನು ಹಿಂದೆ ಬರೆದು ಕಳಿಸಿದ್ದೆ. ಇದರಿಂದ ಇಳುವರಿ ಎಷ್ಟು ಹೆಚ್ಚುತ್ತದೆ ಎಂಬ ಒಂದು ಸಾಲಿನ ಪ್ರಶ್ನೆಯೊಂದಿಗೆ ಅದು ವಾಪಸು ಬಂತು.

ಆ ವರ್ಷವೇ ಇರಬೇಕು, ಅಘನಾಶಿನಿಯ ಕಾಂಡ್ಲದ ಅಂಚಿನಲ್ಲಿ ಬಳಚು ಹೆಕ್ಕುತ್ತಿದ್ದ ಅಮ್ಮನೊಬ್ಬರು ನನ್ನ ಸಲಕರಣೆಗಳನ್ನು ನೋಡಿ ನಕ್ಕು, ಕೆಸರಿಗೆ ಬೆರಳೂರಿ ತೋರಿಸಿದರು. ‘ಮೇಲೆ ಕೆಂಪಿದ್ದು ಅಡಿಗೆ ಕಪ್ಪು ಸಿಕ್ಕಿದ್ರೆ ಅಲ್ಲಿ ತೆಗೀರಿ ತಮ್ಮಾ. ಮೇಲೂ ಕಪ್ಪಾದ್ರೆ ಬ್ಯಾಡ, ಅಲ್ಲಿ ಎಲ್ಲ ಬಾಯಿಬಿಟ್ಕಂಡಿರ್ತದೆ.’ ಸಲ್ಫೈಡ್ ಶುರುವಾಗುವ ಗೆರೆ ಅದು. ಆ ದಿನ ಅವರ ಬೆರಳಿನ ಮೊದಲ ಗಿಣ್ಣಿನವರೆಗೆ ಕೆಂಪಿತ್ತು. ಜೂನ್ ಮುಗಿಯುತ್ತಿತ್ತು.